ಸಕ್ಕರೆ ಹಾಕಿದ ಅಂಟು

"ಆ ಡಬ್ಬಾ ಕೆಳಗಿಡಿ!"

ಹಿಂದಿನಿಂದ ಬಂದ ಗಂಡು ದನಿಗೆ ಅವಳ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ರಟ್ಟಿನ ಡಬ್ಬಗಳು ದಡದಡನೆ ಉರುಳಿದವು. ಕಾಲೇಜಿನ ಹಳೇ ಸಾಮಾನಿನ ಕೋಣೆಯ ತುಂಬಾ ಧೂಳೆದ್ದಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ಎತ್ತರದ ಹುಡುಗ. ಸೊಂಟಕ್ಕೆ ಅಳತೆಯ ಟೇಪು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು.

"ಯಾಕ್ರೀ ಇಡಬೇಕು? ಇದೇನು ನಿಮ್ಮಪ್ಪನ ಮನೆ ಆಸ್ತೀನಾ?"

"ಅಲ್ಲಪ್ಪಾ... ಅದರೊಳಗೆ ಒಡೆದ ಟ್ಯೂಬ್‌ಲೈಟ್ ಹಾಕಿದಾರೆ. ಕೈ ಕುಯ್ಕೋತೀರಿ ಅಂತ ಹೇಳಿದೆ."

ಅವಳು ಬಗ್ಗಿ ನೋಡಿದಳು. ಹೌದು, ಗಾಜಿನ ಚೂರುಗಳು! ಆದರೂ ಒಂದು ಒಳ್ಳೆ ಮಾತಾಡಲು ನಾಲಿಗೆ ಏಳಲಿಲ್ಲ.

'ಗುರುತಿಲ್ಲ ಪರಿಚಯವಿಲ್ಲ, ನನ್ನ ಕೈ ಮೇಲೆ ಇವನಿಗೇನು ಇಷ್ಟು ಕಾಳಜಿ? ಏನೋ ಲೆಕ್ಕಾಚಾರ ಇದೆ...'

ಅವನು ಗಾಜಿದ್ದ ಡಬ್ಬ ಬಿಟ್ಟು ಉಳಿದವನ್ನು ಎತ್ತಿಕೊಟ್ಟ. ಅವಳು ಕಸಿದುಕೊಂಡಂತೆ ತೆಗೆದುಕೊಂಡು ಹೊರಟಳು. ಬಣ್ಣ ಹೊಂದಿಸಿ ನೋಡಲೆಂದು ಚೀಲದಲ್ಲಿ ತಂದಿದ್ದ ಕಿತ್ತಳೆ ಬಣ್ಣದ ಕಾಗದದ ಹೂವೊಂದು ಅಲ್ಲೇ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಹುಡುಗಿಯ ಸ್ವಭಾವವೇ ಹಾಗೆ, ಏನು ಮಾಡೋಣ! ಯಾರಾದರೂ ನಕ್ಕರೆ ಯಾಕೆ ನಕ್ಕರು ಎನ್ನುತ್ತಾಳೆ, ನಗದಿದ್ದರೆ ಯಾಕೆ ನಗಲಿಲ್ಲ ಎನ್ನುತ್ತಾಳೆ. ಅವಳಪ್ಪ "ಈಗ ಬಂದೆ" ಎಂದು ಹೋದವನು ಮತ್ತೆ ಬರಲೇ ಇಲ್ಲ. ಅಮ್ಮ ಮಗಳನ್ನು ಕರೆದುಕೊಂಡು ಅಣ್ಣನ ಮನೆ ಸೇರಿದಳು. ಸೋದರಮಾವನ ಮನೆಯ ಹಾಲ್‌ನಲ್ಲಿ ಒಂದು ಸೀರೆ ಅಡ್ಡ ಕಟ್ಟಿ, ಅದರ ಹಿಂದೆ ತಾಯಿ ಮಗಳ ಸಂಸಾರ. ಅಮ್ಮ ಅಂಗಡಿಗಳಿಗೆ ಕಾಗದದ ಕವರ್ ಅಂಟಿಸುತ್ತಿದ್ದಳು. ಅತ್ತೆ ಯಾವ ಗಳಿಗೆಯಲ್ಲಿ ಬೇಕಾದರೂ ಆ ಸೀರೆ ಸರಿಸಿ ಇಣುಕುತ್ತಿದ್ದಳು.

ಹಾಗಾಗಿ ಹಾಸ್ಟೆಲಿನ ಮೂಲೆಯ ರೂಮು ಸಿಕ್ಕಾಗ ಅವಳು ಮೊದಲು ಮಾಡಿದ ಕೆಲಸವೆಂದರೆ ಬಾಗಿಲಿನ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ದು. ಜೀವಮಾನದಲ್ಲೇ ಮೊದಲ ಬಾರಿಗೆ ಅವಳದೊಂದು ಚಿಲಕ!

ಆದರೆ ವರ್ಷ ಮುಗಿದರೆ ಎಲ್ಲರ ರೂಮೂ ಚೀಟಿ ಎತ್ತಿ ಬದಲಾಗುತ್ತಿತ್ತು. ಒಬ್ಬರಿಗೆ ಮಾತ್ರ ವಿನಾಯಿತಿ. ಬಿಸಾಡಿದ ವಸ್ತುಗಳಿಂದ, ಸ್ವಂತ ಕೈಯಿಂದ ಯಾರು ರೂಮನ್ನು ಚೆನ್ನಾಗಿ ಸಿಂಗರಿಸುತ್ತಾರೋ ಅವರು ಅದೇ ರೂಮಿನಲ್ಲಿ ಓದು ಮುಗಿಯುವ ತನಕ ಇರಬಹುದು. ಹೊಸ ವಾರ್ಡನ್ ಮೇಡಂ ಹೊರಡಿಸಿದ ಹುಕುಂ ಅದು.

'ಗೆಲ್ಲಲೇಬೇಕು. ಈ ರೂಮು ಬಿಟ್ಟುಕೊಡಲ್ಲ. ಏನಾದರೂ ಸರಿ!'

ಅಲ್ಲಿಂದ ಶುರುವಾಯಿತು ನೋಡಿ! ಹರಿದ ದುಪಟ್ಟಾಗಳು ಪರದೆಯಾದವು. ಶೂ ಡಬ್ಬಗಳು ಗೋಡೆಯ ಗೂಡುಗಳಾದವು. ಬಿಸ್ಕತ್ತಿನ ಕಿತ್ತಳೆ ಬಣ್ಣದ ಕಾಗದ ಸುರುಳಿ ಸುತ್ತಿ ಹೂವಾಗಿ, ಹೂವು ಹಾರವಾಗಿ ಕಿಟಕಿಯ ಮೇಲೆ ಇಳಿಬಿದ್ದಿತು. ಅಂಟು ಕೂಡ ಸ್ವಂತದ್ದೇ. ಅಮ್ಮನಂತೆ ಮೈದಾಹಿಟ್ಟು ಕುದಿಸಿ ಮಾಡಿದ್ದು. ಅಮ್ಮ ಅದಕ್ಕೆ ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ಅದು ವಿಷ. ಇವಳು ಅದನ್ನು ಬಿಟ್ಟು, ಅಂಟು ಗಟ್ಟಿಯಾಗಲಿ ಎಂದು ಒಂದು ಚಮಚ ಸಕ್ಕರೆ ಹಾಕಿದಳು.

ಮೈಲುತುತ್ತ ಬಿಟ್ಟಿದ್ದಕ್ಕೆ ಕಾರಣ ರೂಮ್‌ಮೇಟ್. ನಿದ್ದೆಗಣ್ಣಿ ಎಂದೇ ಹೆಸರಾದ ಆ ಮಹಾತಾಯಿ ಕೈ ತೊಳೆಯದೆ ಬಿಸ್ಕತ್ತು ತಿಂದು, ತಿಂದ ಕೈಯನ್ನೇ ತಲೆಯಡಿ ಇಟ್ಟು ಮಲಗುವವಳು.

"ಲೇ ಚಿಂದಿರಾಣಿ, ಇನ್ನೇನೇನು ಅಂಟಿಸ್ತೀಯೇ? ನಾನು ಜಾಸ್ತಿ ಹೊತ್ತು ಮಲಗಿದ್ರೆ ನನ್ನನ್ನೂ ಗೋಡೆಗೆ ಅಂಟಿಸಿಬಿಡ್ತೀಯ ಕಣೇ!"

"ನೀನು ಬಿಸಾಡಿದ ವಸ್ತು ಆಗಿದ್ರೆ ಎಂದೋ ಅಂಟಿಸ್ತಿದ್ದೆ. ಏಳೇ ಮೇಲೆ!"

ಒಂದು ಮಧ್ಯಾಹ್ನ ವಾರ್ಡನ್ ಮೇಡಂ ಜೊತೆ ಟೇಪಿನವನು ರೂಮಿಗೇ ಬಂದ. ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದವನಂತೆ. ಹಾಸ್ಟೆಲಿನ ರಿಪೇರಿ ನೋಡಿಕೊಳ್ಳುವ ವಿದ್ಯಾರ್ಥಿ ಪ್ರತಿನಿಧಿಯಂತೆ. ಎಲ್ಲರೂ ಅಳತೆಪಟ್ಟಿ ಎಂದು ಕರೆಯುತ್ತಾರಂತೆ. ಕಿಟಕಿಯ ಒಂದು ಗಾಜು ಒಡೆದಿತ್ತು, ಅದರ ಅಳತೆ ತೆಗೆದ. ಹೋಗುವ ಮುಂಚೆ ಗೋಡೆಯನ್ನೆಲ್ಲಾ ಕಣ್ಣರಳಿಸಿ ನೋಡಿದ.

"ಇದೆಲ್ಲಾ ನೀವೊಬ್ರೇ ಮಾಡಿದ್ದಾ?"

"ಯಾಕೆ, ಅನುಮಾನಾನಾ?"

"ಇಲ್ಲ ಇಲ್ಲ... ಚೆನ್ನಾಗಿದೆ. ತುಂಬಾ."

ಅವನ ದನಿಯಲ್ಲಿದ್ದ ಮೆಚ್ಚುಗೆಗೆ ಅವಳ ಕೆನ್ನೆ ಒಂದು ಕ್ಷಣ ಬಿಸಿಯಾದದ್ದು ಸುಳ್ಳಲ್ಲ. ಆದರೆ ಅವನು ಆಚೆ ಹೋದ ಮೇಲೆ ನಿದ್ದೆಗಣ್ಣಿ ಆಕಳಿಸುತ್ತಾ ಹೇಳಿದಳು.

"ಪಕ್ಕದ ರೂಮಿನವಳು ಅವನ ತಂಗಿ ಕಣೇ. ಅವಳೂ ಸ್ಪರ್ಧೇಲಿ ಇದಾಳೆ."

ಅಷ್ಟೇ. ಬಿಸಿಯಾದ ಕೆನ್ನೆ ತಣ್ಣಗಾಯಿತು. 'ಓಹೋ! ಅಳತೆ ತೆಗೆದದ್ದು ಗಾಜಿನದ್ದಲ್ಲ, ನನ್ನದು!'

ಮರುದಿನ ಕ್ಲಾಸು ಮುಗಿಸಿ ಬಂದು ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹಾರದ ಅರ್ಧದಷ್ಟು ಹೂಗಳಿಲ್ಲ! ಉಳಿದವು ಹರಿದು ಚಿಂದಿ. ಪರದೆಯ ಅಂಚು ಎಳೆ ಎಳೆಯಾಗಿ ಕಿತ್ತುಬಂದಿದೆ.

"ಯಾರೇ ಬಂದಿದ್ರು?"

"ನಂಗೇನು ಗೊತ್ತು? ನಾನು ಮಲಗಿದ್ದೆ..."

"ನಿನ್ನ ತಲೆ ಮೇಲೆ ಆನೆ ನಡೆದರೂ ನಿಂಗೆ ಎಚ್ಚರ ಆಗಲ್ಲ!"

ಅಳು ನುಂಗಿಕೊಂಡು ಮತ್ತೆ ಹೂ ಸುತ್ತಿದಳು. ಮರುದಿನ ಮತ್ತೆ ಅದೇ ಕಥೆ. ಯಾರಿರಬಹುದು? ರೂಮಿನ ಮೂಲೆ ಮೂಲೆ ನೋಡಿಹೋದವನು ಯಾರು? ಯಾರ ತಂಗಿ ಗೆಲ್ಲಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತಾರಲ್ಲ, ಅವಳಿಗೆ ಕಂಡಲ್ಲೆಲ್ಲಾ ಅಳತೆಪಟ್ಟಿಯೇ ಕಾಣತೊಡಗಿದ.

ಆ ಸಂಜೆ ಹುಡುಗರಿಗೂ ಹುಡುಗಿಯರಿಗೂ ಒಂದೇ ಆದ ಊಟದ ಹಾಲ್‌ನಲ್ಲಿ ಅವನು ತಟ್ಟೆ ಹಿಡಿದು ಎದುರಿಗೆ ಬಂದ. ನಕ್ಕ. ಅವಳ ಕಣ್ಣು ಅವನ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಇಣುಕುತ್ತಿತ್ತು, ಕಿತ್ತಳೆ ಬಣ್ಣದ ಕಾಗದದ ಹೂವು!

"ಕಳ್ಳ!"

ಹಾಲ್‌ನಲ್ಲಿ ಚಮಚಗಳ ಸದ್ದು ನಿಂತಿತು.

"ನಾಚಿಕೆ ಆಗಲ್ವೇನ್ರೀ? ರಿಪೇರಿ ಮಾಡ್ತೀನಿ ಅಂತ ಬಂದು ರೂಮು ಹಾಳು ಮಾಡ್ತೀರಾ? ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ! ತಂಗಿ ಗೆಲ್ಲಬೇಕಾದ್ರೆ ಅವಳಿಗೆ ಕೆಲಸ ಕಲಿಸಿ, ನನ್ನದನ್ನ ಯಾಕೆ ಹರೀತೀರಿ?"

"ನಾನು... ಇಲ್ಲ ರೀ... ಹಾಗಲ್ಲ..."

"ಹಾಗಿದ್ರೆ ಈ ಹೂವು ಎಲ್ಲಿಂದ ಬಂತು? ಹೇಳಿ!"

ಅವನ ಕೈ ತಟ್ಟನೆ ಜೇಬು ಮುಚ್ಚಿಕೊಂಡಿತು. ಮುಖ ಕೆಂಪೇರಿತು. ಸುತ್ತ ಅಷ್ಟೂ ಜನ ನೋಡುತ್ತಿದ್ದರು.

"ನೋಡಿ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!"

"ಸರಿ," ಎಂದ ಅವನು ಮೆಲ್ಲಗೆ. "ಸ್ಪರ್ಧೆ ಮುಗಿಯೋ ತನಕ ನಿಮ್ಮ ಮಹಡಿಗೆ ನಾನು ಕಾಲಿಡಲ್ಲ. ಸಾಕಾ?"

ತಟ್ಟೆಯನ್ನು ಹಾಗೆಯೇ ಇಟ್ಟು ಹೊರಟುಹೋದ. ಗೆದ್ದಂತಾಗಬೇಕಿತ್ತು ಅವಳಿಗೆ. ಯಾಕೋ ಅವಳೂ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಹೊಸ ಗಾಜು ಹಾಕಿಸುತ್ತೇನೆಂದ ವಾರ್ಡನ್ ಮೇಡಂಗೂ ಅವಳು ಖಡಾಖಂಡಿತವಾಗಿ ಹೇಳಿದಳು, "ಅವರು ತರೋ ಗಾಜು ನನಗೆ ಬೇಡ ಮೇಡಂ." ಒಡೆದ ಕಡೆ ತಾನೇ ರಟ್ಟು ಕತ್ತರಿಸಿ, ತನ್ನದೇ ಅಂಟು ಬಳಿದು ಮುಚ್ಚಿದಳು.

ಇಷ್ಟಾದರೂ ಹೂಗಳು ಮಾಯವಾಗುವುದು ನಿಲ್ಲಲಿಲ್ಲ!

'ಅವನು ಬರ್ತಿಲ್ಲ... ಹಾಗಿದ್ರೆ ತಂಗೀನಾ? ಇಲ್ಲ, ನಮ್ಮ ನಿದ್ದೆಗಣ್ಣೀನೇ ನಿದ್ದೆ ನಾಟಕ ಆಡ್ತಿದಾಳಾ?' ಸ್ವಂತ ನೆರಳನ್ನೂ ನಂಬದ ಸ್ಥಿತಿ ತಲುಪಿದಳು ಹುಡುಗಿ. ಕೊನೆಗೆ ತೀರ್ಪಿನ ಹಿಂದಿನ ದಿನ, ಕ್ಲಾಸಿಗೆ ಹೋದಂತೆ ನಟಿಸಿ, ಬೀರುವಿನ ಮರೆಯಲ್ಲಿ ಪೊರಕೆ ಹಿಡಿದು ಕೂತಳು.

ನಿದ್ದೆಗಣ್ಣಿ ಗೊರಕೆ ಹೊಡೆಯುತ್ತಿದ್ದಳು. ಕಾರಿಡಾರಿನಲ್ಲಿ ಹೆಜ್ಜೆಗಳು ಬಂದವು, ಹೋದವು. ಆಗ ಕಿಟಕಿಯ ರಟ್ಟು ಕರಕರ ಎಂದಿತು.

ಅವಳು ಉಸಿರು ಬಿಗಿಹಿಡಿದಳು. ರಟ್ಟಿನ ಕೆಳತುದಿ ಅಲುಗಿತು. ಒಂದು ಪುಟ್ಟ ಮೂತಿ ಒಳಗೆ ಬಂತು, ಆಮೇಲೆ ಮೀಸೆ, ಕೊನೆಗೆ ಪೊದೆಯಂಥ ಬಾಲ.

ಅಳಿಲು!

ಅದು ತನ್ನ ಮನೆಗೇ ಬಂದಂತೆ ಹಾರದ ಮೇಲೇರಿ, ಹೂವೊಂದನ್ನು ಕಿತ್ತು, ಸಿಹಿ ಅಂಟನ್ನು ಚೆನ್ನಾಗಿ ಮೆದ್ದಿತು. ಉಳಿದ ಕಾಗದವನ್ನು ಬಾಯಲ್ಲಿ ಕಚ್ಚಿ ಬೀರುವಿನ ಮೇಲಿನ ರಟ್ಟಿನ ಡಬ್ಬದೊಳಗೆ ಇಳಿಯಿತು. ಅವಳು ಕುರ್ಚಿ ಹತ್ತಿ ಇಣುಕಿದಳು. ಕಿತ್ತಳೆ ಕಾಗದ, ಪರದೆಯ ಎಳೆಗಳು ಎಲ್ಲಾ ಸೇರಿ ಮೆತ್ತನೆಯ ಗೂಡಾಗಿತ್ತು. ಅದರೊಳಗೆ ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳು.

ಪೊರಕೆ ಕೈಯಿಂದ ಜಾರಿತು.

'ಅಯ್ಯೋ ದೇವರೇ... ಸಕ್ಕರೆ ಹಾಕಿ ಕರೆದವಳು ನಾನು. ಗಾಜು ಬೇಡ ಅಂತ ದಾರಿ ಬಿಟ್ಟವಳೂ ನಾನೇ. ಪಾಪ, ಅಷ್ಟು ಜನರ ಮುಂದೆ ಅವರನ್ನ...'

ಆ ಸಂಜೆ ಊಟದ ಹಾಲ್‌ನಲ್ಲಿ ಅವಳು ಅವನ ಮೇಜಿನ ಮುಂದೆ ಹೋಗಿ ನಿಂತಳು. ಬೈಯುವಾಗ ಎಷ್ಟು ಗಟ್ಟಿಯಾಗಿ ಕೂಗಿದ್ದಳೋ ಅಷ್ಟೇ ಗಟ್ಟಿಯಾಗಿ ಹೇಳಿದಳು.

"ಎಲ್ಲರೂ ಕೇಳಿಸ್ಕೊಳ್ಳಿ! ನಾನು ಇವರನ್ನ ಕಳ್ಳ ಅಂದಿದ್ದೆ. ಇವರು ಏನೂ ಮಾಡಿಲ್ಲ. ನನ್ನ ಹಾರ ತಿಂದಿದ್ದು ಅಳಿಲು. ತಪ್ಪು ನಂದು. ಕ್ಷಮಿಸಿ."

ಇಡೀ ಹಾಲ್ ನಕ್ಕಿತು. ಅವಳ ಕಣ್ಣು ತುಂಬಿತು. ನಗದೆ ಇದ್ದವನು ಅವನೊಬ್ಬನೇ.

ಅವನು ಎದ್ದು ಬಂದ. "ಕೈ ತೊಳೆಯೋ ಕಡೆ ಬನ್ನಿ, ಒಂದು ನಿಮಿಷ."

ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಅವಳು ತಲೆ ತಗ್ಗಿಸಿಯೇ ಕೇಳಿದಳು.

"ಹಾಗಿದ್ರೆ... ಆ ಹೂವು?"

"ಹಳೇ ಸಾಮಾನಿನ ಕೋಣೇಲಿ ನಿಮ್ಮ ಚೀಲದಿಂದ ಬಿತ್ತು. ವಾಪಸ್ ಕೊಡೋಣ ಅಂತ ಜೇಬಲ್ಲಿ ಇಟ್ಕೊಂಡೆ. ಆಮೇಲೆ... ಕೊಡೋಕೆ ಮನಸ್ಸಾಗ್ಲಿಲ್ಲ."

"ಯಾಕೆ?"

"ಯಾಕೆ ಅಂದ್ರೆ? ನೀವು ಇಷ್ಟ ಆದ್ರಿ, ಅದಕ್ಕೆ! ಊಟದ ಹಾಲ್‌ನಲ್ಲಿ, ಅಷ್ಟು ಜನರ ಮುಂದೆ, ಕಳ್ಳ ಅಂತ ಬೈಸ್ಕೊಳ್ತಾ ಇದನ್ನ ಹೇಗ್ರೀ ಹೇಳ್ಲಿ?"

ಅವಳ ಎದೆ ಡವಡವ ಹೊಡೆದುಕೊಂಡಿತು. ಸಂತೋಷ ಉಕ್ಕಿತು. ಅದರ ಬೆನ್ನಿಗೇ ಭಯವೂ ಬಂತು. 'ನನ್ನಂಥ ಬಾಯಿಬಡಕಿಯನ್ನ ಯಾಕೆ? ಎಷ್ಟು ದಿನ? ಆಮೇಲೆ "ಈಗ ಬಂದೆ" ಅಂತ ಇವರೂ...' ಅಲ್ಲಿಂದ ಓಡಿಬಿಟ್ಟಳು.

ಮರುದಿನ ಬೆಳಿಗ್ಗೆ, ಗೂಡಿನ ಸುದ್ದಿ ಕೇಳಿ ವಾರ್ಡನ್ ಮೇಡಂ ಬಂದರು. ಮಹಡಿಗೆ ಕಾಲಿಡಲ್ಲ ಎಂದಿದ್ದವನೂ ಅವರ ಮಾತಿನ ಮೇಲೆ ಗಾಜು ಹಿಡಿದು ಬಂದ. ತೀರ್ಪಿಗೆ ಇನ್ನೂ ಸಮಯವಿತ್ತು.

"ಈಗ ಗಾಜು ಹಾಕಿ, ಆ ಡಬ್ಬಾ ಆಚೆ ಇಟ್ರೆ ಸಾಯಂಕಾಲದೊಳಗೆ ರೂಮು ಮೊದಲಿನ ಹಾಗಾಗುತ್ತೆ," ಎಂದರು ಮೇಡಂ. "ಗೆಲ್ಲೋ ರೂಮಮ್ಮ ಇದು. ಯೋಚನೆ ಮಾಡು."

ಅವಳು ಬೀರುವಿನ ಕಡೆ ನೋಡಿದಳು. ಕಿಟಕಿಯ ಆಚೆ ಕೊಂಬೆಯ ಮೇಲೆ ತಾಯಿ ಅಳಿಲು ಬಾಲ ಕುಣಿಸುತ್ತಾ ಚಡಪಡಿಸುತ್ತಿತ್ತು. ಅದರ ಆಚೆ ಕೊಂಬೆಯಲ್ಲಿ ಕಾಗೆಗಳು ಕೂತಿದ್ದವು.

"ಆಚೆ ಇಟ್ರೆ ಕಾಗೆ ಬಿಡುತ್ತಾ ಮೇಡಂ?"

"ಬಿಡಲ್ಲ," ಎಂದ ಅವನು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಗೋಡೆ, ಗೂಡು, ಚಿಲಕ ಎಲ್ಲವನ್ನೂ ಒಮ್ಮೆ ನೋಡಿದಳು.

"ಗಾಜು ಬೇಡ. ಮರಿ ದೊಡ್ಡದಾಗಲಿ. ಪರರ ಮನೇಲಿ ಮಕ್ಕಳನ್ನ ಇಟ್ಕೊಂಡಿರೋ ತಾಯಿ ಕಷ್ಟ ನಂಗೆ ಗೊತ್ತು."

ತೀರ್ಪಾಯಿತು. ಹರಿದ ಹಾರ, ತೂತು ಬಿದ್ದ ರಟ್ಟು... ಗೆದ್ದವಳು ಅವನ ತಂಗಿ.

ರೂಮು ಬದಲಾಯಿಸುವ ದಿನ ಬಂತು. ಅಷ್ಟರಲ್ಲಿ ಮರಿಗಳು ಮರ ಸೇರಿದ್ದವು. ಚೀಟಿಯಲ್ಲಿ ಅವಳಿಗೆ ಬಂದದ್ದು ನೆಲಮಹಡಿಯ ಕತ್ತಲೆ ರೂಮು. ಸಾಮಾನು ಹೊರಲು ಆ ಒಂದು ಬೆಳಿಗ್ಗೆ ಹುಡುಗರಿಗೂ ಒಳಗೆ ಬರಲು ಅನುಮತಿಯಿತ್ತು. ಅವಳು ಟ್ರಂಕಿನ ಮೇಲೆ ಮುಖ ಇಳಿಬಿಟ್ಟು ಕೂತಿದ್ದಾಗ ಬಾಗಿಲಲ್ಲಿ ಅವನು ನಿಂತಿದ್ದ.

"ಎತ್ತಲಾ?"

ಅವಳು ಟ್ರಂಕಿನಿಂದ ಏಳಲಿಲ್ಲ. ಹಳೇ ಅನುಮಾನ ಮತ್ತೆ ಒಳಗೆ ಕೊರೆಯುತ್ತಿತ್ತು. ಯಾರಿಗೂ ಕೇಳಿಸದಂತೆ, ಅವನಿಗೆ ಮಾತ್ರ ಕೇಳಿಸುವಂತೆ ಕೇಳಿದಳು.

"ನಿಮ್ಮ ತಂಗಿ ಗೆದ್ಲಲ್ಲ... ನೀವೇನಾದ್ರೂ ಸಹಾಯ ಮಾಡಿದ್ರಾ?"

"ಮಾಡಿದೆ. ಅವಳ ಗೂಡುಗಳು ಸೊಟ್ಟಗಿದ್ವು, ಮಟ್ಟಕ್ಕೆ ಗೆರೆ ಎಳೆದುಕೊಟ್ಟೆ. ತಂಗಿ ಅಲ್ವಾ! ಅದು ಬಿಟ್ರೆ ಇನ್ನೇನೂ ಇಲ್ಲ. ನಂಬ್ತೀರಾ?"

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮುಚ್ಚಿಟ್ಟದ್ದೇನೂ ಕಾಣಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಯಿತು.

"ನಂಬ್ತೀನಿ. ಆದ್ರೆ... ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ನಾಳೆ ಮತ್ತೆ ಇನ್ನೇನೋ ಅನುಮಾನ ಬರುತ್ತೆ."

"ಬರಲಿ. ಊಟದ ಹಾಲ್‌ನಲ್ಲಿ ಕೂಗಬೇಡಿ, ಹೀಗೇ ನನ್ನನ್ನೇ ಕೇಳಿ. ದಿನಾ ಬೇಕಾದ್ರೂ ಕೇಳಿ, ಹೇಳ್ತೀನಿ."

"ದಿನಾ?" ಅವಳು ಟ್ರಂಕಿನ ಅಂಚು ಹಿಡಿದುಕೊಂಡಳು. "ದಿನಾ ಕೇಳಬೇಕು ಅಂದ್ರೆ... ನೀವು ದಿನಾ ಇರಬೇಕಲ್ಲ?"

"ಇರ್ತೀನಿ ಕಣೇ."

ಮೊದಲ ಸಲ ಅವನ ಬಾಯಿಂದ ಏಕವಚನ ಬಂದಿತ್ತು. ಅವಳು ಕಣ್ಣೊರೆಸಿಕೊಂಡು, ಟ್ರಂಕಿನಿಂದ ಎದ್ದು, ಅದರ ಒಂದು ಹಿಡಿ ಅವನಿಗೆ ಬಿಟ್ಟು ಇನ್ನೊಂದನ್ನು ತಾನು ಹಿಡಿದಳು.

"ಹಾಗಿದ್ರೆ ಎತ್ತು. ನಂಗೂ ನೀನು ಇಷ್ಟ."