ಇಲ್ಲದ ಮರದ ಹತ್ತಿರ ಬಲಕ್ಕೆ

“ತಾತ, ಈ ನಕ್ಷೆ ಹಿಡ್ಕೊಂಡು ಹೊರಟ್ರೆ ಸಮುದ್ರ ಮುಟ್ಟೋ ಹೊತ್ತಿಗೆ ನಂಗೇ ಮೊಮ್ಮಕ್ಕಳು ಹುಟ್ಟಿರ್ತಾರೆ,” ಎಂದಳು ಅಜೇಲಿ.

ಅವಳಿಗೆ ಹತ್ತು ವರ್ಷ. ಆದರೆ ಮೂಗು ಮುರಿಯುವುದರಲ್ಲಿ ನೂರು ವರ್ಷದ ಅನುಭವ. ಅವಳು ಒಂದು ಸಲ ಮೂಗು ಮುರಿದರೆ ಸಾಕು, ದಕ್ಷಿಣ ಲೂಯಿಸಿಯಾನದ ಗದ್ದೆಗಳಲ್ಲಿ ನಿಂತ ಬೆಳ್ಳಕ್ಕಿಗಳೆಲ್ಲ ಅವಮಾನ ತಾಳಲಾರದೆ ಟೆಕ್ಸಸ್ ಕಡೆಗೆ ಹಾರಿಹೋಗುತ್ತಿದ್ದವು.

ಅಂಗಳದ ಉದ್ದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಬೇಯಿಸಿದ ಕ್ರಾಫಿಶ್ ಸುರಿದಿದ್ದರು. ಗದ್ದೆಯ ಕೆಸರಲ್ಲಿ ಹಿಡಿದ, ಬೆರಳುದ್ದದ ಕೆಂಪು ಸೀಗಡಿಗಳು. ರಾಶಿ ಎಷ್ಟು ಎತ್ತರವಿತ್ತೆಂದರೆ ಆಚೆ ಬದಿಯಲ್ಲಿ ಕೂತ ಅಪ್ಪನ ಟೋಪಿ ಮಾತ್ರ ಈಚೆಗೆ ಕಾಣುತ್ತಿತ್ತು. ಖಾರ ಎಷ್ಟಿತ್ತೆಂದರೆ ಮೂರನೇ ಮನೆಯ ನಾಯಿ ಸೀನುತ್ತಿತ್ತು.

ನಾಲ್ಕು ವರ್ಷದಿಂದ ಅಜೇಲಿಯ ಮನೆಯವರು, ಅಂದರೆ ಗಿಡ್ರಿ ಮನೆತನದವರು, ಎಲ್ಲಿಗೂ ಟ್ರಿಪ್ ಹೋಗಿರಲಿಲ್ಲ. ಅಜೇಲಿಗೆ ಆರು ವರ್ಷವಿದ್ದಾಗ ಬಂದ ಬಿರುಗಾಳಿ ಮನೆಯ ಚಾವಣಿಯನ್ನು ಟೋಪಿಯಂತೆ ಎತ್ತಿಕೊಂಡು ಹೋಗಿತ್ತು. ಆಮೇಲೆ ಅಪ್ಪನ ರಜೆಯೆಲ್ಲ ಚಾವಣಿಗೇ ಹೋಯಿತು. ಬರುವ ಜೂನ್ ತಿಂಗಳಲ್ಲಿ ಮಾತ್ರ ಮೂರು ದಿನ ಸಿಕ್ಕಿದೆ. ಮೂರೇ ದಿನದಲ್ಲಿ ಇಡೀ ಲೂಯಿಸಿಯಾನ ಸುತ್ತಬೇಕು.

ಪ್ಲಾನು ಎರಡಿದ್ದವು. ಒಂದು ಅಜೇಲಿಯದು, ಇನ್ನೊಂದು ತಾತ ಓವಿದ್‌ನದು. ಗೆದ್ದವರು ‘ನಿಲ್ಲಿಸಿ’ ಅಂದಲ್ಲಿ ವ್ಯಾನು ನಿಲ್ಲಬೇಕು, ‘ಹೊರಡಿ’ ಅಂದಾಗ ಹೊರಡಬೇಕು. ಹತ್ತು ವರ್ಷದವಳಿಗೆ ಇದಕ್ಕಿಂತ ದೊಡ್ಡ ಅಧಿಕಾರ ಉಂಟೇ?

ಅಜೇಲಿಯ ಪ್ಲಾನು ಟ್ಯಾಬ್‌ನಲ್ಲಿತ್ತು. ಹದಿನಾಲ್ಕು ಬಣ್ಣ, ಇಪ್ಪತ್ತಾರು ಖಾನೆ. ಉತ್ತರದ ರಸ್ಟನ್‌ನಲ್ಲಿ ಪೀಚ್ ಹಣ್ಣು ತಿನ್ನಲು ಇಪ್ಪತ್ತು ನಿಮಿಷ. ನ್ಯಾಕಟಿಶ್ ಊರಲ್ಲಿ ಖೀಮಾ ತುಂಬಿದ ಕಡುಬಿಗೆ ಹದಿನೈದು. ಬಾತ್‌ರೂಮಿಗೆ ತಲಾ ನಾಲ್ಕು. ಮೂರನೇ ದಿನ ಪೂರ್ತಿ ವಾಟರ್ ಪಾರ್ಕ್.

ತಾತನ ಪ್ಲಾನು ಒಂದು ಕಾಗದದ ಚೀಲ. ದಿನಸಿ ತಂದ ಕಂದು ಚೀಲವನ್ನು ಸೀಳಿ ಬಿಡಿಸಿ, ಅದರ ಮೇಲೆ ಬಡಗಿಗಳ ದಪ್ಪ ಪೆನ್ಸಿಲ್‌ನಲ್ಲಿ ಗೀಚಿದ್ದ. ಕೋಳಿ ಕೆದಕಿದ್ದರೂ ಇನ್ನೊಂದಿಷ್ಟು ನೀಟಾಗಿರುತ್ತಿತ್ತು.

“ಹೇಳು ತಾತ, ಸಮುದ್ರಕ್ಕೆ ಹೇಗೆ ಹೋಗೋದು?” ಅಜೇಲಿ ಕೈಕಟ್ಟಿ ಕೂತಳು.

“ಇಲ್ಲಿಂದ ಹೊರಟ್ರೆ ಬೂದ್ರೋ ಅಂಗಡಿ ಇತ್ತಲ್ಲ, ಅಲ್ಲಿ ಎಡಕ್ಕೆ.”

“ಅಂಗಡಿ ಈಗ ಎಲ್ಲಿದೆ?”

“ಸುಟ್ಟುಹೋಯ್ತು. ನಿಮ್ಮಪ್ಪ ಹುಟ್ಟೋಕೆ ಮುಂಚೆ.”

“ಆಮೇಲೆ?”

“ಅಕ್ಕಿ ಗಿರಣಿ ದಾಟ್ಬೇಕು.”

“ಅದಾದ್ರೂ ಇದೆಯಾ?”

“ಕೆಡವಿ ಎಷ್ಟೋ ಕಾಲ ಆಯ್ತು. ಅದು ಬಿಡು. ಕೆಂಪು ಹಸುಗೆ ಸಿಡಿಲು ಹೊಡೆದ ಗೇಟು ಬರುತ್ತೆ, ಅಲ್ಲಿ ಬಲಕ್ಕೆ.”

“ಹಸು ಇರುತ್ತಾ ಅಲ್ಲಿ?”

“ಸಿಡಿಲು ಹೊಡೆದ ಮೇಲೆ ಹಸು ಎಲ್ಲಿರುತ್ತೆ? ನಿಂಗೆ ಶಾಲೇಲಿ ಏನು ಕಲಿಸ್ತಾರೆ?”

ಆರು ವರ್ಷದ ತಮ್ಮ ತೆಯೋ ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಬಿದ್ದ. ಬಿದ್ದಲ್ಲೇ ಕೂತು ಇನ್ನೊಂದು ಕ್ರಾಫಿಶ್ ಸುಲಿದ.

ಅಮ್ಮ ಉತ್ತರದ ಗುಡ್ಡದ ಕಡೆಯವಳು. ಸಿಕ್ಕ ಅವಕಾಶವನ್ನು ಅವಳು ಬಿಡುವವಳಲ್ಲ. “ನೋಡಿ ಮಾವ, ನಿಮ್ಮ ದಕ್ಷಿಣದವರಿಗೆ ತಿನ್ನೋಕೆ ಬರುತ್ತೆ, ದಾರಿ ಹೇಳೋಕೆ ಬರಲ್ಲ.”

“ನಿಮ್ಮ ಉತ್ತರದವರಿಗೆ ಎರಡೂ ಬರಲ್ಲ,” ಎಂದಿತು ಅಪ್ಪನ ಟೋಪಿ.

ಅಜೇಲಿ ನಕ್ಷೆಯ ಕೆಳಗಿನ ತುದಿಗೆ ಬೆರಳಿಟ್ಟಳು. ಅಲ್ಲಿ, ಸಮುದ್ರದ ಅಂಚಿನಲ್ಲಿ, ತಾತ ಒಂದು ಸುತ್ತು ಹಾಕಿದ್ದ. ಪೆನ್ಸಿಲನ್ನು ಒತ್ತಿ ಒತ್ತಿ ತಿರುಗಿಸಿದ್ದಕ್ಕೆ ಕಾಗದ ಅಲ್ಲಿ ತೆಳ್ಳಗಾಗಿತ್ತು.

“ಇದೇನಿದು?”

“ನಮ್ಮ ಮನೆ,” ಎಂದ ತಾತ. “ನಾನು ಹುಟ್ಟಿದ್ದು. ನಂಗೂ ಆರು ವರ್ಷ ಆಗಿತ್ತು, ಗಾಳಿ ಬಂದು ಮನೇನ ಹೊತ್ಕೊಂಡು ಹೋದಾಗ.”

“ಟ್ಯಾಬ್‌ನಲ್ಲಿ ನೋಡಿದೀನಿ ತಾತ. ಅಲ್ಲಿ ಹುಲ್ಲಿದೆ. ಹುಲ್ಲಿನ ಪಕ್ಕ ಹುಲ್ಲು. ಅದರ ಪಕ್ಕ ಇನ್ನೂ ಸ್ವಲ್ಪ ಹುಲ್ಲು.”

“ಮೆಟ್ಟಿಲಿದೆ,” ಎಂದ ತಾತ. “ಮೂರು. ನಮ್ಮಪ್ಪ ಸಿಮೆಂಟ್ ಕಲಸಿ ಹಾಕಿದ್ದು. ಆಮೇಲೆ ಬಂದ ನಾಲ್ಕು ಗಾಳಿಗೂ ಅಲ್ಲಾಡಿಲ್ಲ.”

“ಮನೆ ಇಲ್ಲ, ಮೆಟ್ಟಿಲಿದೆ.” ಅಜೇಲಿ ಎಲ್ಲರ ಮುಖ ನೋಡಿದಳು. ಇಂಥ ಅವಕಾಶ ಮೂಗು ಮುರಿಯುವವರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. “ಆ ಮೆಟ್ಟಿಲು ಹತ್ತಿ ಎಲ್ಲಿಗೆ ಹೋಗೋದು ತಾತ? ಮೋಡದೊಳಕ್ಕಾ?”

ಅಪ್ಪ ನಕ್ಕ. ಅಮ್ಮ ನಕ್ಕಳು. ತೆಯೋನ ಮೂಗಿನಿಂದ ನಿಂಬೆ ಪಾನಕ ಹೊರಗೆ ಬಂತು.

ತಾತ ನಗಲಿಲ್ಲ. ಕೈಯಲ್ಲಿದ್ದ ಕ್ರಾಫಿಶ್ ತಲೆಯ ರಸವನ್ನು ನಿಧಾನವಾಗಿ ಹೀರಿದ.

ಗಿಡ್ರಿ ಮನೆಯಲ್ಲಿ ಮತ ಹಾಕುವುದು ಕ್ರಾಫಿಶ್ ತಲೆಯಿಂದ. ತಟ್ಟೆ ಎರಡು ಇಡುತ್ತಾರೆ, ಇಷ್ಟವಾದ ಕಡೆಗೆ ಒಂದು ತಲೆ ಎಸೆಯುತ್ತಾರೆ. ಅಪ್ಪ, ಅಮ್ಮ, ತೆಯೋ, ಅಜೇಲಿ ಎಸೆದರು. ಅಜೇಲಿಯ ತಟ್ಟೆಯಲ್ಲಿ ನಾಲ್ಕು ತಲೆ ಬಿದ್ದವು. ತಾತನ ತಟ್ಟೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ತಾತ ತನ್ನ ಕೈಯಲ್ಲಿದ್ದ ತಲೆಯನ್ನೂ ಅಜೇಲಿಯ ತಟ್ಟೆಗೇ ಹಾಕಿದ.

“ಐದಕ್ಕೆ ಐದು,” ಎಂದ. “ನಿನ್ನ ಪ್ಲಾನೇ ಸರಿ ಕಣೇ.”

ಆಮೇಲೆ ಕಂದು ಚೀಲವನ್ನು ನಾಲ್ಕು ಮಡಿಕೆ ಮಡಿಚಿ ಒಳಗೆ ತೆಗೆದುಕೊಂಡು ಹೋದ.

ಅಜೇಲಿ ಗೆದ್ದಿದ್ದಳು. ಗೆದ್ದವಳಿಗೆ ಹಸಿವು ಜೋರಾಗಿರಬೇಕಿತ್ತು. ಆದರೆ ರಾಶಿ ಇನ್ನೂ ಅರ್ಧ ಇರುವಾಗಲೇ ಅವಳು ಕೈ ತೊಳೆದಳು.

*

ಟ್ರಿಪ್ ಹೋಗುವ ಮೂರು ದಿನ ಕೋಳಿಗಳಿಗೆ ಕಾಳು ಹಾಕುವವರು ಬೇಕಲ್ಲ? ಅಜೇಲಿಯ ಕ್ಲಾಸಿನ ಲಿಯೆನ್ ಒಪ್ಪಿಕೊಂಡಿದ್ದಳು. ಲಿಯೆನ್‌ಳ ಅಪ್ಪ ಬೋಟಿನಲ್ಲಿ ಸೀಗಡಿ ಹಿಡಿಯುವವನು. ಅವರ ಮನೆಯವರು ವಿಯೆಟ್ನಾಮಿನ ಕಡೆಯವರು, ನ್ಯೂ ಆರ್ಲಿಯನ್ಸ್‌ನಿಂದ ಈ ಊರಿಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಮೂಗು ಮುರಿಯುವುದರಲ್ಲಿ ಲಿಯೆನ್ ಕೂಡ ಸಾಮಾನ್ಯಳಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರೆ ಆ ಬೆಂಚಿನ ಬಣ್ಣವೇ ನಾಚಿಕೆಯಿಂದ ಉದುರುತ್ತಿತ್ತು.

“ಶುಕ್ರವಾರ ಅಮ್ಮನ ಜೊತೆ ಬಂದು ಕೋಳಿಗಳನ್ನ ನೋಡ್ತೀನಿ,” ಎಂದಳು ಲಿಯೆನ್ ಊಟದ ಹೊತ್ತಿನಲ್ಲಿ. “ಫೋನಿನ ಮ್ಯಾಪ್ ನೋಡ್ಕೊಂಡು ಬಂದುಬಿಡ್ತೀವಿ.”

“ಅದನ್ನ ನಂಬಬೇಡ. ನಮ್ಮ ಮನೇನ ಪಕ್ಕದ ಕ್ರಾಫಿಶ್ ಕೆರೆ ಮಧ್ಯ ತೋರಿಸುತ್ತೆ. ಹೋದ ತಿಂಗಳು ಪಾರ್ಸೆಲ್ ತಂದವನು ಸೊಂಟದ ತನಕ ಕೆಸರಲ್ಲಿ ನಿಂತು ‘ಯಾರಾದ್ರೂ ಇದೀರಾ’ ಅಂತ ಕೂಗ್ತಿದ್ದ.”

“ಹಾಗಾದ್ರೆ ನೀನೇ ದಾರಿ ಹೇಳು.”

“ಅಯ್ಯೋ, ಸುಲಭ. ನೀರಿನ ಟ್ಯಾಂಕ್ ದಾಟಿ ಸೀದಾ ಬರ್ಬೇಕು. ದೊಡ್ಡ ಓಕ್ ಮರ ಇತ್ತಲ್ಲ, ಅಲ್ಲಿ ಬಲಕ್ಕೆ.”

ಲಿಯೆನ್‌ಳ ಚಮಚ ಬಾಯಿಯ ಹತ್ತಿರವೇ ನಿಂತಿತು. “ಇತ್ತಲ್ಲ ಅಂದ್ರೆ? ಈಗ ಇಲ್ವಾ?”

“ಗಾಳಿಗೆ ಬಿದ್ದುಹೋಯ್ತು. ಆದ್ರೆ ಅಲ್ಲೇ ತಿರುಗಬೇಕು. ಆಮೇಲೆ ಮಿಸ್ ಪರ್ಲ್ ಅವರ ಹಳದಿ ಮನೆ...”

“ಅದೂ ಹೋಯ್ತಾ?”

“ಅವರು ಬೇರೆ ಊರಿಗೆ ಹೋದ್ರು. ಮನೆ ಕೆಡವಿದ್ರು.”

“ಅಂದ್ರೆ ನಾನು ಇಲ್ಲದ ಮರದ ಹತ್ರ ತಿರುಗಿ, ಇಲ್ಲದ ಮನೆ ದಾಟಿ ಬರ್ಬೇಕು.” ಲಿಯೆನ್ ಚಮಚ ಕೆಳಗಿಟ್ಟಳು. “ಕೋಳಿಗಳಾದ್ರೂ ಇದಾವಾ, ಅಥವಾ ಅವೂ ಇದ್ವಾ?”

ಪಕ್ಕದ ಮೇಜಿನವರೂ ನಕ್ಕರು. ಇಡೀ ಕ್ಯಾಂಟೀನ್ ನಕ್ಕಿತು. ಗೋಡೆಯ ಮೇಲಿನ ಗಡಿಯಾರ ಕೂಡ ಒಂದು ನಿಮಿಷ ನಿಂತು ನಕ್ಕು ಮುಂದೆ ಹೋದ ಹಾಗಿತ್ತು.

“ರಸ್ತೆ ನಂಬರ್ ಹೇಳು, ಸಾಕು,” ಎಂದಳು ಲಿಯೆನ್.

ಅಜೇಲಿ ಬಾಯಿ ತೆರೆದಳು. ನಂಬರು ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ದಿನಾ ಎರಡು ಸಲ ಶಾಲೆಯ ಬಸ್ಸಿನಲ್ಲಿ ಆ ತಿರುವು ದಾಟಿದ್ದಾಳೆ. ಒಂದು ಸಲವೂ ಬೋರ್ಡು ಓದಿಲ್ಲ. ಬಸ್ಸು ಅಲ್ಲಿಗೆ ಬಂದಾಗ ಅವಳಿಗೆ ಕಾಣುವುದು ಮರ. ಅದರ ಕೊಂಬೆಗೆ ಅಪ್ಪ ಟೈರಿನ ಉಯ್ಯಾಲೆ ಕಟ್ಟಿದ್ದ. ಹಗ್ಗದ ಕೆಳಗೆ ಹುಲ್ಲು ಸವೆದು ಬಟ್ಟಲಿನಂಥ ಗುಂಡಿಯಾಗಿತ್ತು.

“ಯಾಕೆ, ನಂಬರ್ ಕೂಡ ಬಿದ್ದುಹೋಯ್ತಾ?” ಎಂದಳು ಲಿಯೆನ್.

ಅಜೇಲಿಗೆ ಮೂಗು ಮುರಿಯಬೇಕು ಅನ್ನಿಸಿತು. ಮೂಗು ಬಗ್ಗಲಿಲ್ಲ.

*

ಶುಕ್ರವಾರ ಸಂಜೆ ಲಿಯೆನ್‌ಳ ಅಮ್ಮನ ಕಾರು ಐದು ನಿಮಿಷವೂ ತಡವಿಲ್ಲದೆ ಬಂದು ನಿಂತಿತು.

“ಹೇಗೆ ಸಿಕ್ಕಿತು?” ಅಜೇಲಿ ಓಡಿ ಬಂದು ಕೇಳಿದಳು.

“ನಾನಂತೂ ಸಿಗಲ್ಲ ಅಂದೆ. ಅಮ್ಮಂಗೆ ಗೊತ್ತಾಯ್ತು,” ಎಂದಳು ಲಿಯೆನ್, ಕೋಳಿಗೂಡಿನ ಕಡೆ ನಡೆಯುತ್ತಾ. “ಒಂದು ಕಡೆ ರಸ್ತೆ ಸೊಟ್ಟಗೆ ಬಾಗಿ ಮುಂದೆ ಹೋಗುತ್ತೆ. ಅಲ್ಲಿ ಏನೂ ಇಲ್ಲ. ಏನೂ ಇಲ್ಲದೆ ರಸ್ತೆ ಯಾಕೆ ಸುತ್ತು ಹಾಕುತ್ತೆ, ಮರ ಇಲ್ಲೇ ಇದ್ದಿದ್ದು ಅಂದ್ಲು. ಬಲಕ್ಕೆ ತಿರುಗಿಸಿದ್ಲು.”

ಅಷ್ಟು ಹೇಳಿ ಗೂಡಿನೊಳಗೆ ಇಣುಕಿದಳು. “ಪರವಾಗಿಲ್ಲ, ಕೋಳಿಗಳು ಇದಾವೆ. ಸ್ವಲ್ಪ ಪೆದ್ದು ಕಾಣ್ತಾವೆ. ನಿನ್ನ ಹಾಗೇ.”

ಅಜೇಲಿ ಮೂಗು ಮುರಿಯದೆ ರಸ್ತೆಯ ತಿರುವಿನ ಕಡೆಗೇ ನೋಡುತ್ತಿದ್ದಳು. ಲಿಯೆನ್‌ಗೆ ಗಾಬರಿಯಾಯಿತು. ಹುಷಾರಿಲ್ಲವೇನೋ ಎಂದು ಅವಳ ಹಣೆ ಮುಟ್ಟಿ ನೋಡಿದಳು.

ಅವರು ಹೋದ ಮೇಲೆ ಅಜೇಲಿ ಅಡುಗೆಮನೆಗೆ ಬಂದಳು. ಶುಕ್ರವಾರ ಅಂದರೆ ಮೀನು. ಅಮ್ಮ ಜೋಳದ ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ತುಂಡುಗಳನ್ನು ಕರಿದು, ಎಣ್ಣೆ ಇಳಿಯಲೆಂದು ಕಂದು ಕಾಗದದ ಮೇಲೆ ಹರಡುತ್ತಿದ್ದಳು. ದಿನಸಿ ಚೀಲಗಳಿಗೆ ಆ ಮನೆಯಲ್ಲಿ ಕಡೆಗೆ ಬರುವ ಗತಿ ಅದೇ.

ಒಂದು ತುಂಡು ಮೀನಿನ ಪಕ್ಕದಲ್ಲಿ ದಪ್ಪ ಪೆನ್ಸಿಲ್ಲಿನ ಗೆರೆ ಕಂಡಿತು.

“ಅಮ್ಮ, ಇದು ತಾತನ ನಕ್ಷೆ.”

“ಹೌದಾ? ಸಿಂಕ್ ಕೆಳಗೆ ಹಳೇ ಚೀಲದ ಜೊತೆ ಇತ್ತಪ್ಪ. ಅವರೇ ಇಟ್ಟಿರ್ಬೇಕು,” ಎಂದಳು ಅಮ್ಮ.

ಅಜೇಲಿ ಒಂದೊಂದೇ ತುಂಡನ್ನು ತಟ್ಟೆಗೆ ಎತ್ತಿಟ್ಟಳು. ಬೂದ್ರೋ ಅಂಗಡಿಯ ಮೇಲೆ ಎಣ್ಣೆ ಕೂತಿತ್ತು. ಹಸುವಿನ ಗೇಟು ಗರಿಗರಿ ಹಿಟ್ಟಿನ ಕೆಳಗೆ ಮುಚ್ಚಿಹೋಗಿತ್ತು. ಸಮುದ್ರದ ಅಂಚಿನ ಸುತ್ತಿನ ಮೇಲೂ ಎಣ್ಣೆ ಹರಡಿ, ಕಾಗದ ಗಾಜಿನಂತಾಗಿತ್ತು. ಎತ್ತಿ ಹಿಡಿದರೆ ಆಚೆಗೆ ಕಿಟಕಿ ಕಾಣುತ್ತಿತ್ತು.

ತಾತ ಮುಂದಿನ ಜಗುಲಿಯಲ್ಲಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದ. ಅಜೇಲಿ ಅವನ ಪಕ್ಕ ನೆಲದ ಮೇಲೆ ನಕ್ಷೆ ಹರಡಿದಳು. ತಾತನ ಜೇಬಿನಿಂದ ಪೆನ್ಸಿಲ್ ಎಳೆದುಕೊಂಡಳು. ತಮ್ಮ ಮನೆಯ ಹತ್ತಿರದ ತಿರುವಿನಲ್ಲಿ, ಎಣ್ಣೆಯಾಗದ ಜಾಗ ಹುಡುಕಿ, ಒಂದು ಮರ ಬರೆದಳು. ಮರಕ್ಕೆ ಒಂದು ಹಗ್ಗ. ಹಗ್ಗಕ್ಕೆ ಒಂದು ಟೈರು.

ತಾತ ಚಾಕು ನಿಲ್ಲಿಸಿ ಬಗ್ಗಿ ನೋಡಿದ.

“ಮರ ರಸ್ತೆಯ ಆ ಕಡೆ ಇತ್ತು, ಈ ಕಡೆ ಅಲ್ಲ,” ಎಂದ. “ನಿಂಗೆ ನಕ್ಷೆ ಬರೆಯೋಕೆ ಬರಲ್ಲ.”

“ಅದು ಮರವಾದ್ರೂ ಹೌದು. ನಿನ್ನ ಹಸು ಆಲೂಗಡ್ಡೆ ಥರ ಇದೆ.”

“ಸಿಡಿಲು ಹೊಡೆದ ಮೇಲೆ ಹಾಗೇ ಇರೋದು.”

ಅಜೇಲಿ ಮರವನ್ನು ಉಜ್ಜಿ ರಸ್ತೆಯ ಆಚೆ ಬದಿಗೆ ಬರೆದಳು. ಆಮೇಲೆ ಒಳಗೆ ಹೋಗಿ ಟ್ಯಾಬ್ ತಂದಳು. ಮೂರನೇ ದಿನದ ಖಾನೆಯಲ್ಲಿ ವಾಟರ್ ಪಾರ್ಕು ನೀಲಿ ಬಣ್ಣದಲ್ಲಿ ಕೂತಿತ್ತು. ಅದಕ್ಕೆ ಅವಳು ಆರಿಸಿದ್ದು ಇದ್ದುದರಲ್ಲೇ ಒಳ್ಳೆಯ ನೀಲಿ. ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಅಳಿಸಿದಳು.

“ತಾತ, ಮೆಟ್ಟಿಲಿಗೆ ಎಷ್ಟು ನಿಮಿಷ ಬರೀಲಿ?”

“ಮೂರು ಮೆಟ್ಟಿಲು ಹತ್ತೋಕೆ ಎಷ್ಟು ಹೊತ್ತು ಬೇಕು?” ತಾತ ಬೆಂಡೆಕಾಯಿಯ ತೊಟ್ಟು ಕಿತ್ತು ಕೋಳಿಗಳ ಕಡೆ ಎಸೆದ. “ಅಲ್ಲಿ ನೋಡೋಕೂ ಏನಿಲ್ಲ. ಹುಲ್ಲು. ಅದರ ಪಕ್ಕ ಹುಲ್ಲು.”

“ಹತ್ತಿ ಕೂತ್ಕೊಬಹುದಲ್ಲ?”

ತಾತ ಮುಂದಿನ ಬೆಂಡೆಕಾಯಿಯನ್ನು ಎತ್ತಿಕೊಂಡವನು ಹೆಚ್ಚುವುದನ್ನು ಮರೆತು ರಸ್ತೆಯ ಕಡೆ ನೋಡುತ್ತಾ ಕೂತ. ಅಜೇಲಿಯೂ ನೋಡಿದಳು. ಅಲ್ಲಿ ದೂರದಲ್ಲಿ, ಏನೂ ಇಲ್ಲದ ಜಾಗವನ್ನು ಬಳಸಿಕೊಂಡು ರಸ್ತೆ ಬಾಗಿ ಹೋಗುತ್ತಿತ್ತು.

ಅವಳು ಟ್ಯಾಬ್‌ನಲ್ಲಿ ‘ಮೆಟ್ಟಿಲು’ ಎಂದು ಬರೆದಳು. ಪಕ್ಕದ ನಿಮಿಷದ ಖಾನೆಯನ್ನು ಖಾಲಿ ಬಿಟ್ಟಳು.