ಲೇಕ್‌ಹಾಕ್ ಕೋರ್ಟಿಗೆ ಬಂದ

"ನನ್ನ ಬಾಯಿ ಅಷ್ಟು ಸೊಟ್ಟಗಿದೆಯೇನ್ರೀ?"

ಇಲೋನಾ ಬೆಚ್ಚಿ ತಲೆಯೆತ್ತಿದಳು. ಕ್ಲೀವ್‌ಲ್ಯಾಂಡಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಅವಳು ಬರೆಯುತ್ತಿದ್ದ ಚಿತ್ರದ ಮೇಲೆ ಎತ್ತರದ ವಕೀಲ ಬಗ್ಗಿದ್ದ. ಲೂಷಿಯಸ್ ಪೆಟ್‌ವೇ. ವಾದ ಮಾಡುವಾಗ ಅವನು ತೊದಲುತ್ತಿದ್ದ. ಒಂದೊಂದು ಪದಕ್ಕೆ ಇಡೀ ಕೋರ್ಟು ಕಾಯಬೇಕಾಗಿತ್ತು. ಆದರೂ ಒಬ್ಬ ಅಜ್ಜಿಯನ್ನು ಬಾಡಿಗೆ ಮನೆಯಿಂದ ಹೊರಹಾಕದಂತೆ ಈಗಷ್ಟೇ ಕೇಸು ಗೆದ್ದಿದ್ದ.

"ಪೇಪರಿನವರಾ? ತ... ತಮಾಷೆ ಮಾಡೋಕೆ ಬಂದ್ರಾ?"

"ಅಯ್ಯೋ, ಇಲ್ಲ! ನಾನು ಕಾಮಿಕ್ಸ್ ಮಾಡೋಳು. ಲೇಕ್‌ಹಾಕ್ ನಂದೇ."

"ಆ ರೆಕ್ಕೆಯವನಾ? ಕಂಡಕಂಡ ಬಿಲ್ಡಿಂಗ್ ಉರುಳಿಸೋನಿಗೆ ಕೋರ್ಟಲ್ಲೇನು ಕೆಲಸ?"

"ಹೊಡೆದೂ ಹೊಡೆದೂ ಸುಸ್ತಾಗಿದಾನೆ. ಒಂದ್ಸಲ ಮಾತಾಡಿ ಗೆಲ್ಲಲಿ ಅಂತ."

ನಗು ಅವನ ಕಣ್ಣಿನಲ್ಲಿ ಹುಟ್ಟಿ, ತುಟಿಗಿಳಿಯಲು ಕೊಂಚ ಹೊತ್ತು ಹಿಡಿಯಿತು. ಆ ಕೊಂಚ ಹೊತ್ತಿಗೇ ಇಲೋನಾ ಸೋತಳು.

ಆಮೇಲೆ ದಿನಾ ಮಧ್ಯಾಹ್ನ ಕೋರ್ಟಿನ ಮೆಟ್ಟಿಲ ಮೇಲೆ ಇಬ್ಬರ ಸ್ಯಾಂಡ್‌ವಿಚ್, ಜಗಳ.

"ನಿನ್ನ ಹೀರೋ ಜಡ್ಜ್ ಮುಂದೆ ಮೇಜು ಗುದ್ದಿದರೆ ಒಳಗೆ ಹಾಕ್ತಾರೆ, ಮಾರಾಯ್ತಿ."

"ಹಾರಿ ಬರ್ತಾನೆ ಬಿಡು."

"ಹಾರಿದ್ರೆ ಕೇಸು ಸೋತ ಹಾಗೇ."

ಅವಳ ಕಥೆಯಲ್ಲಿ ಒಬ್ಬ ಫ್ಯಾಕ್ಟರಿ ಮಾಲೀಕ ಸರೋವರದ ದಡದ ಮೀನುಗಾರರ ಮನೆಗಳನ್ನು ಕೆಡವಲು ಹೊರಟಿದ್ದ. ಲೇಕ್‌ಹಾಕ್ ಮುಷ್ಟಿ ಎತ್ತದೆ, ಅವರ ಪರ ಕೋರ್ಟಿನಲ್ಲಿ ನಿಂತ. ಅವನನ್ನು ಅವಳು ತೊದಲುವಂತೆ ಬರೆದಳು. ಲೂಷಿಯಸ್‌ಗೆ ಹೇಳಲು ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಎಡಿಟರ್ ಗ್ರೆಟ್‌ಶನ್ ಫೋನು ಮಾಡಿದಳು. ಅವಳ ದನಿ ಪಕ್ಕದಲ್ಲಿದ್ದ ಲೂಷಿಯಸ್‌ಗೂ ಕೇಳಿಸಿತು. "ತೊದಲೋ ಹೀರೋನ ಯಾರು ಕೊಂಡ್ಕೋತಾರೆ? ತೆಗೆದುಬಿಡು. ಇಲ್ಲಾಂದ್ರೆ ಅಚ್ಚಾಗಲ್ಲ."

ಲೂಷಿಯಸ್‌ನ ಮುಖ ಬಿಗಿಯಾಯಿತು. "ನನ್ನನ್ನ ಕೇ... ಕೇಳದೇ?"

"ಕೇಳಬೇಕಿತ್ತು. ತಪ್ಪಾಯ್ತು. ಓದು. ನೀನು ಬೇಡ ಅಂದ್ರೆ ಇಲ್ಲೇ ಹರಿದುಹಾಕ್ತೀನಿ."

ಅವಳು ಚಾಚಿದ ಹಾಳೆಗಳನ್ನು ಅವನು ಓದಿದ. ಒಂದು ಪುಟದಲ್ಲಿ ಲೇಕ್‌ಹಾಕ್ ಬಾಯಿ ತೆರೆದು ನಿಂತಿದ್ದ, ಮಾತಿನ ಗುಳ್ಳೆ ಖಾಲಿ. ಜಡ್ಜ್, ಮೀನುಗಾರರು, ಮಕ್ಕಳು, ಎಲ್ಲರೂ ಕಾಯುತ್ತಿದ್ದರು. ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಆ ಪುಟವನ್ನು ಅವನು ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

"ನಿನ್ನ ಎಡಿಟರ್ ಹತ್ರ ನಾನೂ ಬರ್ತೀನಿ," ಅಂದ.

ಮರುದಿನ ಗ್ರೆಟ್‌ಶನ್‌ಳ ಮೇಜಿನ ಮುಂದೆ ಅವನು ಎದ್ದು ನಿಂತ. "ಈ ಪುಟದಲ್ಲಿ ಓದುಗ ಮಾಡೋದು ಒಂದೇ. ಕಾ... ಕಾ..."

"ಕಾಳಜಿ?" ಗ್ರೆಟ್‌ಶನ್ ಅವಸರದಿಂದ ಪೂರೈಸಿದಳು.

ಅವನು ಕೈಯೆತ್ತಿ ತಡೆದ. ಇಲೋನಾ ಬಾಯಿ ಬಿಗಿಹಿಡಿದಳು. ಗೋಡೆಯ ಆಚೆ ಯಾರದೋ ಪ್ರಿಂಟರ್ ಗುರುಗುಟ್ಟಿತು.

"ಕಾಯೋದು," ಎಂದ ಲೂಷಿಯಸ್. "ಈಗ ನೀವೂ ಕಾದ್ರಿ. ಬೇಜಾರಾಯ್ತಾ?"

ಗ್ರೆಟ್‌ಶನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಇಲ್ಲ. ಏನು ಹೇಳ್ತೀರೋ ಅಂತ ಕುತೂಹಲವಿತ್ತು."

"ನನ್ನ ವಾದ ಇಷ್ಟೇ, ಮೇಡಂ."

ಅವಳು ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು. "ಒಂದಕ್ಷರ ಬದಲಾಯಿಸಬೇಡ, ಇಲೋನಾ. ಹೀಗೇ ಹೋಗಲಿ."

ಬೀದಿಗಿಳಿದಾಗ ಇಲೋನಾಳ ಕಾಲು ನೆಲಕ್ಕೇ ತಾಗುತ್ತಿರಲಿಲ್ಲ. ಎದುರು ಬಂದವರನ್ನೆಲ್ಲ ನಿಲ್ಲಿಸಿ, ಇವನು ನನ್ನವನು ಎನ್ನಬೇಕೆನಿಸಿತು.

"ನಿನ್ನನ್ನ ಪ್ರೀತಿಸ್ತೀನಿ ಕಣೋ. ಇನ್ನು ತಡ್ಕೊಳ್ಳೋಕಾಗಲ್ಲ."

ಅವನು ನಡುರಸ್ತೆಯಲ್ಲೇ ನಿಂತ. ಬಸ್ಸು ಹಾರ್ನ್ ಹೊಡೆಯಿತು. "ನಾನೂ," ಅಂದ, ಕಿವಿಯವರೆಗೂ ಕೆಂಪಾಗಿ. "ನಿಮ್ಮಮ್ಮನಿಗೆ ಮಾತ್ರ ನಾನೇ ಹೇಳ್ತೀನಿ. ನೀನು ಮಧ್ಯೆ ಬಾಯಿ ಹಾಕಬಾರದು."

ಭಾನುವಾರ ಅಮ್ಮನ ಊಟದ ಮೇಜಿನ ಮುಂದೆ ಅವನು ಎದ್ದು ನಿಂತು, ನಿಧಾನವಾಗಿ, ಎಲ್ಲವನ್ನೂ ಹೇಳಿದ. ಕೋಳಿಸಾರು ತಣ್ಣಗಾಯಿತು. ಅವನ ಮಾತು ಮುಗಿಯುವವರೆಗೆ ಯಾರೂ ಚಮಚ ಮುಟ್ಟಲಿಲ್ಲ. ಇಲೋನಾ ತಲೆಯೆತ್ತಿ ಕೂತು, ಒಂದೊಂದು ಪದವನ್ನೂ ಕೇಳಿದಳು.