ಅವಳು ಕಟ್ಟಿದ ಎಂಜಿನ್

"ಈ ಎಂಜಿನ್ ಸಾಯುತ್ತೆ!"

ಬಾನೆಟ್ಟಿನೊಳಗಿಂದ ತಲೆಯೆತ್ತದೆಯೇ ಅವಳು ಹೇಳಿದಳು. ಎದುರಿಗಿದ್ದ ಹಲ್ಲಿನ ಡಾಕ್ಟರ್ ಕಂಗಾಲಾದ.

"ಮೇಸ್ತ್ರಿ ಎಲ್ಲಿ? ಅವರ ಹತ್ರ ಮಾತಾಡ್ತೀನಿ."

"ಮೇಸ್ತ್ರಿ ನಮ್ಮಪ್ಪ. ಅವರೂ ಇದನ್ನೇ ಹೇಳ್ತಾರೆ, ಸ್ವಲ್ಪ ಬೈದು ಹೇಳ್ತಾರೆ ಅಷ್ಟೇ!"

ಅವನ ಕೈಯಲ್ಲಿದ್ದ ಪೆಟ್ಟಿಗೆಯಲ್ಲಿ ಸೂಪರ್‌ಚಾರ್ಜರ್ ಇತ್ತು, ಎಂಜಿನ್ನಿಗೆ ಗಾಳಿ ತುರುಕಿ ಬಲ ಹೆಚ್ಚಿಸುವ ಯಂತ್ರ. ಇಪ್ಪತ್ತೆರಡು ವರ್ಷದ ತನ್ನ ಕಾರಿಗೆ ಅದನ್ನು ಕೂರಿಸಿ ಹವ್ಯಾಸಿಗಳ ರೇಸಿನಲ್ಲಿ ಓಡಿಸಬೇಕೆಂಬ ಹುಚ್ಚು ಅವನಿಗೆ.

ಅಪ್ಪ ಬಂದು ಕಾರು ನೋಡಿದರು. ಮಗಳ ಮುಖವನ್ನೂ ನೋಡಿದರು.

"ನೀನೇ ಕೂರಿಸು. ರೇಸ್ ಮುಗಿಸಿ ಎಂಜಿನ್ ಗಟ್ಟಿಯಾಗಿ ವಾಪಸ್ ಬಂದ್ರೆ, ಇನ್ಮೇಲೆ ಎಂಜಿನ್ ಕೆಲಸವೆಲ್ಲ ನಿಂದು. ಒಡೀತೋ... ಮತ್ತೆ ಬ್ರೇಕು, ಆಯಿಲ್ಲು!"

ಏಳು ವರ್ಷದಿಂದ ಅವಳು ಬಾಯಿ ಬಿಟ್ಟುಕೊಂಡು ಕಾದಿದ್ದು ಈ ಮಾತಿಗೇ.

ದಿನಾ ಸಂಜೆ ಕ್ಲಿನಿಕ್ ಮುಚ್ಚಿ ಅವನು ಗ್ಯಾರೇಜಿಗೆ ಬರುತ್ತಿದ್ದ. ನಟ್ಟು ಬಿಗಿಯುವಾಗಲೂ ಅಭ್ಯಾಸಬಲದಿಂದ "ನೋವಾಗುತ್ತಾ?" ಅನ್ನುತ್ತಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನು ಬಾರದ ದಿನ ಗ್ಯಾರೇಜು ಬಿಕೋ ಎನ್ನುತ್ತಿತ್ತು.

'ಅಯ್ಯೋ ಪೆದ್ದಿ, ಮನಸ್ಸು ಕೊಟ್ಟುಬಿಟ್ಯಲ್ಲೇ...' ಎಂದು ತನ್ನನ್ನೇ ಬೈದುಕೊಂಡಳು.

ರೇಸಿನ ಹಿಂದಿನ ದಿನ ಪರೀಕ್ಷೆಗೆ ಓಡಿಸಿದಾಗ ಎಂಜಿನ್ ಒಳಗೆ ಸಣ್ಣಗೆ ಟಕ್ ಟಕ್ ಸದ್ದು ಅವಳಿಗೆ ಕೇಳಿಸಿತು. ಗಾಳಿ ಅತಿಯಾಗಿತ್ತು! ಹೀಗೇ ಓಡಿಸಿದರೆ ಪಿಸ್ಟನ್ ಚೂರಾಗುವುದು ಖಂಡಿತ. ಕೂಡಲೇ ಸೂಪರ್‌ಚಾರ್ಜರನ್ನು ತಿರುಗಿಸುವ ಚಿಕ್ಕ ಪುಲ್ಲಿ ಬಿಚ್ಚಿ ದೊಡ್ಡದನ್ನು ಹಾಕಿದಳು. ಈಗ ಅದು ನಿಧಾನವಾಗಿ ತಿರುಗುತ್ತದೆ. ಗಾಳಿ ಕಡಿಮೆ, ವೇಗವೂ ತುಸು ಕಡಿಮೆ.

ಸಂಜೆ ಅವನು ಬಂದು ನೋಡಿದ. ಮುಖ ಕೆಂಪಾಯಿತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ನನ್ನ ಡ್ರೈವಿಂಗ್ ಮೇಲೆ ನಿಮಗೆ ಅಷ್ಟೂ ನಂಬಿಕೆ ಇಲ್ವಾ?"

"ನಂಬಿಕೆ ಇಲ್ಲದಿರೋದು ಪಿಸ್ಟನ್ ಮೇಲೆ!"

"ಅಥವಾ ಎಂಜಿನ್ ಒಡೆದ್ರೆ ನಿಮಗೆ ಎಂಜಿನ್ ಕೆಲಸ ಸಿಗಲ್ಲ ಅಂತಾನಾ?"

ಅವಳ ಕಣ್ಣು ತುಂಬಿತು. ಚಿಕ್ಕ ಪುಲ್ಲಿಯನ್ನು ಅವನ ಕೈಗಿಟ್ಟಳು.

"ನೀವೇ ಹಾಕ್ಕೊಳ್ಳಿ. ಆದ್ರೆ ಅದು ನನ್ನ ಕೆಲಸ ಅಂತ ಎಲ್ಲೂ ಹೇಳ್ಬೇಡಿ."

ಮರುದಿನ ರೇಸಿಗೆ ಹೋಗಬಾರದು ಅಂದುಕೊಂಡೇ ಹೋದಳು! ಅಪ್ಪನ ಪಕ್ಕ ಬೇಲಿ ಹಿಡಿದು ನಿಂತಳು. ಹನ್ನೊಂದು ಕಾರುಗಳು ಭರ್ರನೆ ಹಾದುಹೋದವು. ಅವನ ಕಾರು ಹತ್ತಿರ ಬಂದಾಗ ಕಣ್ಣು ಮುಚ್ಚಿ ಕಿವಿಗೊಟ್ಟಳು. ಚಿಕ್ಕ ಪುಲ್ಲಿಯಾದರೆ ಸೂಪರ್‌ಚಾರ್ಜರ್ ಕೀರಲು ದನಿಯಲ್ಲಿ ಕಿರುಚಬೇಕು. ಇದು ತಗ್ಗಿದ ದನಿ, ತುಂಬು ದನಿ!

'ಬದಲಾಯಿಸೇ ಇಲ್ಲ... ನನ್ನ ಮಾತಿಗೆ ಬೆಲೆ ಕೊಟ್ಟಿದ್ದಾನೆ!'

ನಾಲ್ಕನೇ ಸುತ್ತಿನಲ್ಲಿ ಮುಂದಿದ್ದ ಕಾರೊಂದು ಹೊಗೆ ಕಾರುತ್ತಾ ನಿಂತಿತು. ಆರನೆಯದರಲ್ಲಿ ಇನ್ನೊಂದು. ಅವಳ ಎಂಜಿನ್ ಮಾತ್ರ ಕೊನೆಯವರೆಗೂ ದನಿ ಬದಲಿಸಲಿಲ್ಲ. ಎರಡನೇ ಸ್ಥಾನ!

ಅಪ್ಪ ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದರು. ಎಲ್ಲಿಯೂ ಸುಟ್ಟ ಗುರುತಿಲ್ಲ. ಎಂಜಿನ್ನಿನ ನಟ್ಟುಗಳನ್ನು ಅಳತೆಗೆ ಬಿಗಿಯುವ ತಮ್ಮ ಟಾರ್ಕ್ ರೆಂಚನ್ನು ಅವಳ ಕೈಗಿಟ್ಟು, "ಇನ್ಮೇಲೆ ನಾನು ಬ್ರೇಕು, ಆಯಿಲ್ಲು ನೋಡ್ಕೋತೀನಿ," ಎಂದು ಮುಖ ತಿರುಗಿಸಿಕೊಂಡು ಹೊರಟರು.

ಗೆದ್ದವನು ಬಂದು ಬಾನೆಟ್ಟಿನೊಳಗೆ ಇಣುಕಿದ. "ಯಾರ್ರೀ ಇದನ್ನ ಕೂರಿಸಿದ್ದು?"

"ಇವರು!" ಡಾಕ್ಟರ್ ಎದೆಯುಬ್ಬಿಸಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. "ನಾನು ಸ್ಟಿಯರಿಂಗ್ ಹಿಡಿದಿದ್ದೆ ಅಷ್ಟೇ."

ಜನ ಕರಗಿದ ಮೇಲೆ ಅವಳು ಕೇಳಿದಳು. "ಯಾಕೆ ಬದಲಾಯಿಸ್ಲಿಲ್ಲ?"

"ನನ್ನ ಮಾತು ಕೇಳದ ಪೇಷೆಂಟ್ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ನಿನ್ನೆ ನಾನೇ ಅಂಥವನಾಗಿದ್ದೆ. ಆ ಮಾತು ಆಡಬಾರದಿತ್ತು... ತಪ್ಪಾಯ್ತು."

ಅವಳು ಟಾರ್ಕ್ ರೆಂಚನ್ನು ಕೆಳಗಿಟ್ಟು ಅವನತ್ತ ತಿರುಗಿದಳು.

"ಇನ್ನೊಂದು ವಿಷಯ... ರೇಸ್ ಇಲ್ದಿದ್ರೂ ದಿನಾ ಸಂಜೆ ಬರ್ತೀನಿ. ನೀವಂದ್ರೆ ನನಗೆ ಪ್ರಾಣ. ಮದುವೆ ಆಗ್ತೀರಾ?"

ಅವನು ಚಾಚಿದ ಕೈ ಬೆಳ್ಳಗಿತ್ತು. ಅವಳು ತನ್ನ ಕೈ ನೋಡಿಕೊಂಡಳು.

"ತಾಳಿ, ಗ್ರೀಸಾಗಿದೆ. ತೊಳ್ಕೊಂಡು ಬರ್ತೀನಿ..."

"ಬೇಡ," ಎಂದು ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ. "ನನ್ನ ಕೈಗೂ ಅಂಟ್ಲಿ, ಎಲ್ಲರೂ ನೋಡ್ಲಿ."